ಬಿಗಿಯಾಗಿ ಆಳುವವರಿಗೆ ಸರಿಯಾದ ಪದ: ‘ಕಟ್ಟುನಿಟ್ಟಿ’ನಿಂದ ‘ಸರ್ವಾಧಿಕಾರಿ’ಯವರೆಗೆ ಸಮಗ್ರ ಮಾರ್ಗದರ್ಶಿ

ರಜೆ ಕೊಡದ ಮ್ಯಾನೇಜರ್, ಸಂಸತ್ತಿಗೆ ಬೀಗ ಹಾಕಿಸಿದ ಸೇನಾಪತಿ, ಮಗಳ ಫೋನ್ ಕಸಿದುಕೊಂಡ ಅಪ್ಪ, ಕೂಲಿಯವರನ್ನು ಜೀತಕ್ಕಿಟ್ಟುಕೊಂಡ ಜಮೀನ್ದಾರ. ಈ ನಾಲ್ವರಿಗೂ ‘ಸರ್ವಾಧಿಕಾರಿ’ ಎಂಬ ಒಂದೇ ಚೀಟಿ ಅಂಟಿಸುವುದು ಈಗ ರೂಢಿಯಾಗಿದೆ. ಇದರಿಂದ ಸೇನಾಪತಿ ಹಗುರವಾಗುತ್ತಾನೆ, ಮ್ಯಾನೇಜರ್ ವಿನಾಕಾರಣ ಭಾರವಾಗುತ್ತಾನೆ, ಜಮೀನ್ದಾರ ಮಾಡಿದ್ದೇನು ಎಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ಕನ್ನಡದಲ್ಲಿ ಇಂಥವರಿಗೆ ಪದಗಳ ಬರವಿಲ್ಲ. ಆದರೆ ಆ ಪದಗಳು ಒಂದರ ಬದಲು ಒಂದು ಬಳಸುವಂಥವಲ್ಲ.

ವರದಿ, ಕಥೆ, ಅನುವಾದ, ಪ್ರಬಂಧ, ಏನನ್ನೇ ಬರೆಯುವವರಿಗೂ ಕೆಳಗಿನ ಹಂತಗಳು ಉಪಯೋಗಕ್ಕೆ ಬರುತ್ತವೆ. ಕ್ರಮ ತಪ್ಪಿಸದೆ ಹೋಗಿ. ಹೆಚ್ಚಿನವರು ಎಡವುವುದು ನಿಘಂಟಿನಿಂದ ಶುರುಮಾಡುವುದರಿಂದ. ನಿಘಂಟು ‘ಪ್ರಭು’, ‘ಒಡೆಯ’, ‘ದೊರೆ’, ‘ಅಧಿಪತಿ’ಗಳನ್ನು ಒಂದೇ ಸಾಲಿನಲ್ಲಿ ಕೂರಿಸುತ್ತದೆ, ಅವರೆಲ್ಲ ಒಂದೇ ಪಂಕ್ತಿಯವರಲ್ಲ ಎಂದು ಅದು ಹೇಳುವುದಿಲ್ಲ.

ಹಂತ 1: ಮೊದಲು ಕ್ರಿಯಾಪದ, ಆಮೇಲೆ ನಾಮಪದ

ಆ ವ್ಯಕ್ತಿ ಏನು ಮಾಡುತ್ತಾನೆ ಎಂಬುದನ್ನು ಒಂದು ಸಣ್ಣ ವಾಕ್ಯದಲ್ಲಿ ಬರೆದುಕೊಳ್ಳಿ. ಬಿರುದು ಬೇಡ, ವಿಶೇಷಣವೂ ಬೇಡ. ‘ಸಭೆಯಲ್ಲಿ ಬೇರೆಯವರನ್ನು ಮಾತಾಡಲು ಬಿಡುವುದಿಲ್ಲ’, ‘ಸಂಬಳ ಹಿಡಿಯುತ್ತಾನೆ’, ‘ಹೊರಗೆ ಹೋಗಬೇಕಾದರೆ ಅಪ್ಪಣೆ ಕೇಳಿಸುತ್ತಾನೆ’. ಇಷ್ಟು ಬರೆದರೆ ಅರ್ಧ ಕೆಲಸ ಮುಗಿಯಿತು. ಎಷ್ಟೋ ಸಲ ಪೂರ್ತಿ ಕೆಲಸವೇ ಮುಗಿದಿರುತ್ತದೆ, ನಾಮಪದ ಬೇಕಾಗುವುದೇ ಇಲ್ಲ.

ಆಳುವವರ ಮೇಲಿನ ಅಸಮಾಧಾನ ಕನ್ನಡದಲ್ಲಿ ಕ್ರಿಯಾಪದದ ಮೇಲೆ ಚೆನ್ನಾಗಿ ಕೂರುತ್ತದೆ. ಆಡುಮಾತಿನಲ್ಲಿ ಯಾರೂ ‘ಅವನು ನಿರಂಕುಶಾಧಿಕಾರಿ’ ಎನ್ನುವುದಿಲ್ಲ. ‘ಅವನು ಆಡಿದ್ದೇ ಮಾತು, ಮಾಡಿದ್ದೇ ಶಾಸನ’ ಎನ್ನುತ್ತಾರೆ. ಇಂಥ ಮಾತುಗಳ ನಡುವೆ ಸೂಕ್ಷ್ಮ ಅಂತರಗಳಿವೆ:

‘ಹುಕುಂ ಚಲಾಯಿಸು’: ಕೂತಲ್ಲಿಂದಲೇ ಅಪ್ಪಣೆ ಕೊಡುವುದು. ಕೊಡುವವನಿಗೆ ನಿಜವಾದ ಅಧಿಕಾರ ಇರಲೇಬೇಕೆಂದಿಲ್ಲ. ಇಲ್ಲದವನು ಕೊಟ್ಟಾಗಲೇ ಈ ಮಾತು ಹೆಚ್ಚು ಚುಚ್ಚುತ್ತದೆ.

‘ದರ್ಪ ತೋರು’: ಇದು ನಡವಳಿಕೆಯ ಮಾತು. ಧ್ವನಿ, ನೋಟ, ಕುರ್ಚಿಯಲ್ಲಿ ಕೂರುವ ರೀತಿ ಇವೇ ಸಾಕು. ಯಾರಿಗೂ ನಷ್ಟವಾಗಿರಬೇಕೆಂದಿಲ್ಲ.

‘ದಬ್ಬಾಳಿಕೆ ನಡೆಸು’: ಇಲ್ಲಿ ಒಬ್ಬ ಬಲಹೀನ ಇರಲೇಬೇಕು, ನಡೆಯುತ್ತಿರುವುದು ಒಂದು ದಿನದ್ದಾಗಿರಬಾರದು. ಒಮ್ಮೆ ಗದರಿದ್ದನ್ನು ದಬ್ಬಾಳಿಕೆ ಎನ್ನಲಾಗದು.

‘ಅಂಕೆಯಲ್ಲಿಡು’, ‘ಹದ್ದುಬಸ್ತಿನಲ್ಲಿಡು’: ಹತೋಟಿ ಇದೆ, ಆದರೆ ಆಕ್ಷೇಪ ಇರಬೇಕೆಂದಿಲ್ಲ. ಹದ್ದುಬಸ್ತು ಮೂಲದಲ್ಲಿ ಜಮೀನಿನ ಗಡಿ ಗುರುತಿಸುವ ಮಾತು, ಭೂಮಾಪನದವರು ಇಂದಿಗೂ ಅದೇ ಅರ್ಥದಲ್ಲಿ ಬಳಸುತ್ತಾರೆ. ಹಾಗಾಗಿ ಇದರಲ್ಲಿ ‘ಇಷ್ಟರೊಳಗೆ ಇರು’ ಎಂಬ ಗೆರೆಯ ಭಾವವಿದೆ, ಏಟಿನ ಭಾವ ಇಲ್ಲ.

‘ಮುಷ್ಟಿಯಲ್ಲಿಟ್ಟುಕೊಳ್ಳು’: ಸಂಸ್ಥೆ, ಪಕ್ಷ, ಊರು ಮುಂತಾದ ದೊಡ್ಡದನ್ನು ಒಬ್ಬನೇ ಹಿಡಿದಿರುವುದು.

‘ತನ್ನ ತಾಳಕ್ಕೆ ಕುಣಿಸು’: ಬಲಪ್ರಯೋಗವಿಲ್ಲದ ಹಿಡಿತ. ಕುಣಿಯುವವರೂ ಸ್ವಲ್ಪ ಒಪ್ಪಿಕೊಂಡೇ ಕುಣಿಯುತ್ತಿರುತ್ತಾರೆ. ಜೈಲಿಗೆ ಹಾಕುವ ದೊರೆಗೆ ಈ ಮಾತು ಹೊಂದದು.

ಹಂತ 2: ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿ

ಸಿಂಹಾಸನ, ಹುದ್ದೆ, ಜಮೀನು, ಮನೆತನ, ತೋಳ್ಬಲ, ಇವುಗಳಲ್ಲಿ ಯಾವುದು? ಮೂಲ ತಪ್ಪಿದರೆ ಪದವೂ ತಪ್ಪುತ್ತದೆ.

ಸಿಂಹಾಸನದವರಿಗೆ ‘ಅರಸ’, ‘ದೊರೆ’, ‘ಪ್ರಭು’. ಇವು ಮೂಲದಲ್ಲಿ ಬೈಗುಳಗಳಲ್ಲ. ಕಠಿಣ ಆಳ್ವಿಕೆಯನ್ನು ಸೂಚಿಸಬೇಕಾದರೆ ಪಕ್ಕದಲ್ಲಿ ಇನ್ನೊಂದು ಪದ ಬೇಕು: ಪ್ರಜಾಪೀಡಕ ದೊರೆ, ನಿರಂಕುಶ ಪ್ರಭು. ಹಳಗನ್ನಡದಲ್ಲಿ ‘ಚಂಡಶಾಸನ’ ಎಂಬ ಗಟ್ಟಿ ಪದವಿದೆ, ಉಗ್ರವಾಗಿ ಆಳುವವನು ಎಂದು ಅರ್ಥ. ಹದಿಮೂರನೇ ಶತಮಾನದ ಜನ್ನ ತನ್ನ ಅನಂತನಾಥ ಪುರಾಣದಲ್ಲಿ ಗೆಳೆಯನ ಹೆಂಡತಿಯನ್ನೇ ಹೊತ್ತೊಯ್ದ ರಾಜನಿಗೆ ಇದೇ ಹೆಸರಿಟ್ಟಿದ್ದಾನೆ. ಇಂದಿನ ವರದಿಗೆ ಇದು ಭಾರ. ಲಲಿತ ಪ್ರಬಂಧದಲ್ಲಿ ವ್ಯಂಗ್ಯಕ್ಕೆ ಹೇಳಿ ಮಾಡಿಸಿದಂತಿದೆ.

ಹುದ್ದೆಯಿಂದ ಬಂದ ಅಧಿಕಾರಕ್ಕೆ ‘ಅಧಿಕಾರಿ’ಯ ಬಳಗ. ಇಲ್ಲಿ ‘ದಂಡಾಧಿಕಾರಿ’ ಎಂಬ ಬಲೆಯಿದೆ. ದಂಡ ಎಂದರೆ ಕೋಲು, ಹಾಗಾಗಿ ದಂಡಾಧಿಕಾರಿ ಎಂದರೆ ಕೋಲು ಬೀಸುವವನು ಎಂದುಕೊಳ್ಳುವವರಿದ್ದಾರೆ. ಅದು ಮ್ಯಾಜಿಸ್ಟ್ರೇಟ್ ಹುದ್ದೆಯ ಹೆಸರು, ತಹಶೀಲ್ದಾರರ ಮೇಜಿನ ಫಲಕದಲ್ಲೇ ಇರುತ್ತದೆ. ಹಾಗೆಯೇ ‘ಅಧಿಕಾರಶಾಹಿ’ಯೂ ಸರ್ವಾಧಿಕಾರವಲ್ಲ. ಕಡತಗಳ ಮೂಲಕ ಆಳುವ ನೌಕರವರ್ಗದ ವ್ಯವಸ್ಥೆ ಅದು. ಅಲ್ಲಿ ಒಬ್ಬ ಆಳುವುದಿಲ್ಲ, ಆಳುವವರು ಯಾರೆಂದೇ ತಿಳಿಯದಿರುವುದು ಅದರ ಗುಣ.

ಜಮೀನಿನಿಂದ ಬಂದ ಅಧಿಕಾರಕ್ಕೆ ‘ಧಣಿ’, ‘ಒಡೆಯ’, ‘ಜಮೀನ್ದಾರ’, ಉತ್ತರ ಕರ್ನಾಟಕದ ಕಡೆ ‘ಸಾವ್ಕಾರ’. ‘ಒಡೆಯ’ದಲ್ಲಿ ಒಡೆತನ ಇದೆ, ಮನುಷ್ಯರ ಮೇಲಿನ ಹಿಡಿತ ಆ ಒಡೆತನದ ನೆರಳು. ‘ಊಳಿಗಮಾನ್ಯ’ ಎಂಬ ಪದವನ್ನು ಬಿಡಿಸಿ ನೋಡಿದರೆ ವ್ಯವಸ್ಥೆಯೇ ಕಾಣುತ್ತದೆ: ಊಳಿಗ ಎಂದರೆ ಸೇವೆ, ಮಾನ್ಯ ಎಂದರೆ ಆ ಸೇವೆಗೆ ಬಿಟ್ಟುಕೊಟ್ಟ ಭೂಮಿ.

‘ಪಾಳೇಗಾರ’ನ ಬಗ್ಗೆ ಸ್ವಲ್ಪ ನಿಲ್ಲಬೇಕು. ಪಾಳೆಯ ಎಂದರೆ ದಂಡಿನ ಬೀಡು. ಅದರ ಒಡೆಯ ಪಾಳೇಗಾರ. 1779ರಲ್ಲಿ ಹೈದರ್ ಅಲಿಗೆ ಸೋತ ಚಿತ್ರದುರ್ಗದ ಮದಕರಿ ನಾಯಕನೂ ಪಾಳೇಗಾರನೇ. ಜನ ಅವನನ್ನು ವೀರನೆಂದೇ ನೆನೆಯುತ್ತಾರೆ. ಆದರೆ ಅದೇ ಪದಕ್ಕೆ ‘ಇಕೆ’ ಸೇರಿಸಿ ‘ಪಾಳೇಗಾರಿಕೆ’ ಎಂದರೆ ಇಂದಿನ ಕನ್ನಡದಲ್ಲಿ ಅದು ಬೈಗುಳ: ಕಾನೂನು ತನಗೆ ಅನ್ವಯಿಸದು ಎಂಬ ಊರಗೌಡಿಕೆಯ ಸೊಕ್ಕು. ವ್ಯಕ್ತಿಯ ಹೆಸರು ಗೌರವದ್ದು, ಗುಣದ ಹೆಸರು ಆಕ್ಷೇಪದ್ದು. ‘ಅವರ ವಂಶದವರು ಪಾಳೇಗಾರರು’ ಎಂಬುದೂ ‘ಅವರದು ಪಾಳೇಗಾರಿಕೆ’ ಎಂಬುದೂ ಒಂದೇ ಪುಟದಲ್ಲಿ ಬಂದರೆ ಓದುಗ ಗೊಂದಲಕ್ಕೆ ಬೀಳುತ್ತಾನೆ. ಎರಡರಲ್ಲಿ ಒಂದನ್ನು ಬದಲಿಸಿ.

ಮನೆಯೊಳಗಿನ ಅಧಿಕಾರಕ್ಕೆ ‘ಯಜಮಾನ’. ಮೂಲದಲ್ಲಿ ಯಜ್ಞ ಮಾಡಿಸುವವನು, ಈಗ ಮನೆಯ ಹಿರಿಯ, ಕೆಲವು ಕಡೆ ಗಂಡ. ‘ಯಜಮಾನಿಕೆ’ ಎಂದಾಗ ಆಕ್ಷೇಪ ಅರ್ಧಕ್ಕರ್ಧ ಸೇರಿಕೊಳ್ಳುತ್ತದೆ. ವಿಮರ್ಶೆಯ ಭಾಷೆಯಲ್ಲಿ ‘ಯಜಮಾನ್ಯ’ ಬೇರೆಯೇ ಆಗಿದೆ: ಒಂದು ವರ್ಗ ಬಲಪ್ರಯೋಗವಿಲ್ಲದೆ, ಉಳಿದವರ ಒಪ್ಪಿಗೆ ಪಡೆದೇ ಮೇಲುಗೈ ಸಾಧಿಸಿರುವ ಸ್ಥಿತಿ. ಹೊಡೆದು ಬಡಿದು ಆಳುವವನಿಗೆ ‘ಯಜಮಾನ್ಯ’ ಹಚ್ಚುವುದು ತಪ್ಪು.

ತೋಳ್ಬಲದ್ದಕ್ಕೆ ದಾದಾಗಿರಿ, ಗೂಂಡಾಗಿರಿ. ಇವಕ್ಕೆ ವಿವರಣೆ ಬೇಡ.

ಇಲ್ಲೊಂದು ಚೋದ್ಯವನ್ನು ಹೇಳದೆ ಮುಂದೆ ಹೋಗಲಾಗದು. ಕನ್ನಡದಲ್ಲಿ ‘ಆಳು’ ಎಂದರೆ ಆಳ್ವಿಕೆ ಮಾಡು. ‘ಆಳು’ ಎಂದರೆ ಕೆಲಸದವನೂ ಹೌದು. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂಬ ಗಾದೆ ಗೊತ್ತಿರುವವರಿಗೆ ಇದು ಹೊಸದಲ್ಲ. ಬರೆಯುವಾಗ ಮಾತ್ರ ಎಚ್ಚರ: ‘ಅವರ ಆಳು’, ‘ಆಳುವ ಆಳು’ ಎಂಬಂಥ ಜೋಡಣೆಗಳು ಅಂದುಕೊಂಡದ್ದರ ತದ್ವಿರುದ್ಧವನ್ನು ಹೇಳಿಬಿಡಬಲ್ಲವು. ‘ಆಳುವವರು’ ಎಂದು ಬಿಡಿಸಿ ಬರೆದರೆ ತೊಂದರೆ ಇಲ್ಲ.

ಹಂತ 3: ಅಂಕುಶ ಯಾರ ಮೇಲಿಲ್ಲ?

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅತಿ ಹೆಚ್ಚು ತಪ್ಪು ಬಳಕೆಯಾಗುವ ಪದ ‘ನಿರಂಕುಶ’.

ಅಂಕುಶ ಎಂದರೆ ಮಾವುತನ ಕೈಯ ಕೊಕ್ಕೆಗೋಲು. ಅದಿಲ್ಲದ ಆನೆ ನಿರಂಕುಶ. ಅಂದರೆ ಈ ಪದ ಹೇಳುವುದು ಆಳುವವನು ಪ್ರಜೆಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾನೆ ಎಂದಲ್ಲ. ಆಳುವವನನ್ನು ಹಿಡಿಯುವವರು ಯಾರೂ ಇಲ್ಲ ಎಂದು. ಆನೆ ಇಲ್ಲಿ ದೊರೆ, ಜನರಲ್ಲ. ಹಾಗಾಗಿ ಅತಿ ಕಠಿಣ ಅಧಿಕಾರಿಯೂ ನಿರಂಕುಶನಲ್ಲದಿರಬಹುದು. ಅವನ ಮೇಲೆ ನಿಯಮವಿದೆ, ನ್ಯಾಯಾಲಯವಿದೆ, ಮೇಲಧಿಕಾರಿ ಇದ್ದಾನೆ. ಇತ್ತ ಮೃದುವಾಗಿ ಮಾತಾಡುವ, ಯಾರಿಗೂ ಹೊಡೆಯದ ದೊರೆ ಪೂರ್ತಿ ನಿರಂಕುಶನಾಗಿರಬಹುದು.

ಇದೇ ಕಾರಣಕ್ಕೆ ‘ನಿರಂಕುಶಮತಿ’ ಹೊಗಳಿಕೆಯಾಗುತ್ತದೆ. ಕುವೆಂಪು ಯುವಜನರಿಗೆ ಕೊಟ್ಟ ಕರೆಯಲ್ಲಿ ಅದರ ಅರ್ಥ ಯಾರ ಹಂಗೂ ಇಲ್ಲದೆ ಯೋಚಿಸುವ ಬುದ್ಧಿ. ಬುದ್ಧಿಗೆ ಅಂಕುಶ ಇರಬಾರದು, ಅಧಿಕಾರಕ್ಕೆ ಇರಬೇಕು. ಪದ ಒಂದೇ, ಅದು ಅಂಟಿಕೊಂಡ ವಸ್ತು ಬೇರೆ.

ಈ ಹಂತದಲ್ಲಿ ನಿಮ್ಮ ವ್ಯಕ್ತಿಯನ್ನು ಮೂರು ಮೆಟ್ಟಿಲುಗಳಲ್ಲಿ ಒಂದರ ಮೇಲೆ ನಿಲ್ಲಿಸಿ. ನಿಯಮದೊಳಗೇ ಇದ್ದು ಸಡಿಲ ಬಿಡದಿದ್ದರೆ ಅವರು ಕಟ್ಟುನಿಟ್ಟಿನವರು, ಬಿಗಿಯವರು, ಖಡಕ್ಕಾದವರು. ನಿಯಮ ಇದ್ದೂ ಅದನ್ನು ಮೀರುತ್ತಿದ್ದರೆ ದರ್ಪ, ದಬ್ಬಾಳಿಕೆ, ದೌರ್ಜನ್ಯ. ನಿಯಮವನ್ನೇ ಕಿತ್ತುಹಾಕಿದ್ದರೆ, ಅಥವಾ ತಾನೇ ನಿಯಮವಾಗಿದ್ದರೆ ನಿರಂಕುಶ, ಸರ್ವಾಧಿಕಾರಿ, ಏಕಾಧಿಪತಿ.

ಮೂರನೇ ಮೆಟ್ಟಿಲಲ್ಲೂ ಒಳಭೇದಗಳಿವೆ. ‘ಏಕಾಧಿಪತಿ’ಯ ಒತ್ತು ಸಂಖ್ಯೆಯ ಮೇಲೆ, ಆಳುವವನು ಒಬ್ಬನೇ ಎಂದು. ‘ಸರ್ವಾಧಿಕಾರಿ’ಯ ಒತ್ತು ವ್ಯಾಪ್ತಿಯ ಮೇಲೆ, ಎಲ್ಲ ಅಧಿಕಾರವೂ ಅಲ್ಲೇ ಎಂದು. ‘ನಿರಂಕುಶ’ದ ಒತ್ತು ತಡೆಯ ಅಭಾವದ ಮೇಲೆ. ಒಂದು ಸಣ್ಣ ಸೇನಾಕೂಟ ದೇಶ ಆಳುತ್ತಿದ್ದರೆ ಅದು ನಿರಂಕುಶ, ಆದರೆ ಏಕಾಧಿಪತ್ಯವಲ್ಲ. ‘ನಿರಂಕುಶ ಸರ್ವಾಧಿಕಾರಿ’ ಎಂದು ಎರಡನ್ನೂ ಸೇರಿಸಿದರೆ ಕಿವಿಗೆ ಜೋರಾಗಿ ಕೇಳುತ್ತದೆ, ಅರ್ಥ ಹೆಚ್ಚುವುದಿಲ್ಲ. ‘ಏಕಸ್ವಾಮ್ಯ’ ಈ ಸಾಲಿಗೆ ಸೇರಿದ್ದೇ ಅಲ್ಲ. ಅದು ಮಾರುಕಟ್ಟೆಯ ಪದ, ಒಬ್ಬನೇ ಮಾರುವವನಿದ್ದಾಗ ಬಳಸುವಂಥದ್ದು.

ಆನೆ ಬಂದಮೇಲೆ ಕುದುರೆ, ಎತ್ತುಗಳ ಮಾತೂ ಬರಲಿ. ಅಂಕುಶ ಆನೆಗೆ, ಕಡಿವಾಣ ಮತ್ತು ಲಗಾಮು ಕುದುರೆಗೆ, ಮೂಗುದಾರ ಎತ್ತಿಗೆ. ‘ನಿರಂಕುಶ ಆಡಳಿತಕ್ಕೆ ಕಡಿವಾಣ’ ಎಂಬ ತಲೆಬರಹದಲ್ಲಿ ಆನೆಯ ಬಾಯಿಗೆ ಕುದುರೆಯ ಕಬ್ಬಿಣ ತುರುಕಿದಂತಾಗಿದೆ. ವ್ಯಾಕರಣದ ತಪ್ಪಲ್ಲ, ಆದರೆ ಕಿವಿ ಚುರುಕಾಗಿರುವ ಓದುಗ ನಗುತ್ತಾನೆ.

ಹಂತ 4: ಮೆಚ್ಚುಗೆಯೋ ಆಕ್ಷೇಪವೋ?

ಬಿಗಿಯಾಗಿ ನಡೆಸುವವರೆಲ್ಲ ಬೈಗುಳಕ್ಕೆ ಯೋಗ್ಯರಲ್ಲ, ಭಾಷೆಗೂ ಅದು ಗೊತ್ತು. ‘ಖಡಕ್ ಅಧಿಕಾರಿ’ ಸುದ್ದಿಯಲ್ಲಿ ಬಂದರೆ ಅದು ಪ್ರಶಂಸೆ. ‘ದಕ್ಷ’ ಇನ್ನೂ ಒಂದು ಮೆಟ್ಟಿಲು ಮೇಲೆ. ‘ನಿಷ್ಠುರ’ ಒಂಟಿಯಾಗಿ ನಿಂತರೆ ಕಹಿ, ಆದರೆ ವಚನಗಳಿಂದ ಬಂದ ‘ನ್ಯಾಯನಿಷ್ಠುರಿ’ ಗೌರವದ ಮಾತು. ‘ಕಠೋರ’ಕ್ಕೆ ಈ ಭಾಗ್ಯವಿಲ್ಲ, ಯಾವ ಜೋಡಿಯಲ್ಲೂ ಅದು ಸಿಹಿಯಾಗುವುದಿಲ್ಲ.

‘ಶಿಸ್ತಿನ ಸಿಪಾಯಿ’ಯನ್ನು ಇಲ್ಲಿ ಸೇರಿಸಬೇಡಿ. ಅದು ಶಿಸ್ತನ್ನು ಹೇರುವವನ ಹೆಸರಲ್ಲ, ಪಾಲಿಸುವವನ ಹೆಸರು. ‘ನಾನು ಪಕ್ಷದ ಶಿಸ್ತಿನ ಸಿಪಾಯಿ’ ಎನ್ನುವ ರಾಜಕಾರಣಿ ತಾನು ಆಳುತ್ತೇನೆ ಎನ್ನುತ್ತಿಲ್ಲ, ಹೇಳಿದಂತೆ ಕೇಳುತ್ತೇನೆ ಎನ್ನುತ್ತಿದ್ದಾನೆ.

ಪುರಾಣ, ಇತಿಹಾಸದ ಹೆಸರುಗಳನ್ನು ಬಳಸುವಾಗಲೂ ಇದೇ ಬಗೆಯ ಎಡವಟ್ಟು. ದೂರ್ವಾಸ ಮುಂಗೋಪಿ, ಶಾಪ ಕೊಟ್ಟು ಹೊರಟುಹೋಗುತ್ತಾನೆ, ಯಾರನ್ನೂ ಆಳುವುದಿಲ್ಲ. ಭಸ್ಮಾಸುರ ವರ ಕೊಟ್ಟವನ ತಲೆಯ ಮೇಲೇ ಕೈಯಿಡಲು ಬಂದವನು. ಅವನ ಹೆಸರು ಕೃತಘ್ನತೆಗೆ ಸರಿ, ಕಟ್ಟುನಿಟ್ಟಿಗಲ್ಲ. ‘ತುಘಲಕ್ ದರ್ಬಾರು’ ಎನ್ನುವಾಗ ಕನ್ನಡಿಗರ ಮನಸ್ಸಿನಲ್ಲಿರುವುದು ಬಿಗಿಯಲ್ಲ, ಹುಚ್ಚಾಪಟ್ಟೆ ನಿರ್ಧಾರ: ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಸಾಗಿಸಿದ್ದು, ಬೆಳ್ಳಿಯ ಜಾಗದಲ್ಲಿ ಅಗ್ಗದ ಲೋಹದ ನಾಣ್ಯ ತಂದದ್ದು. ಹಿಡಿತಕ್ಕೂ ಹಿಂಸೆಗೂ ಕಂಸ, ಹಿರಣ್ಯಕಶಿಪು ಸರಿಹೊಂದುತ್ತಾರೆ.

‘ಹಿಟ್ಲರ್’ ಈಗ ಕನ್ನಡದಲ್ಲಿ ಸಾಮಾನ್ಯ ನಾಮವೇ ಆಗಿಬಿಟ್ಟಿದೆ, ಮನೆಯ ಅಜ್ಜಿಗೂ ಹಾಸ್ಟೆಲ್ ವಾರ್ಡನ್‌ಗೂ ಬಳಸುತ್ತಾರೆ. ಮಾತಿನಲ್ಲಿ ನಡೆದುಹೋಗುತ್ತದೆ. ಬರಹದಲ್ಲಿ ಬೇಡ ಎನ್ನುವುದಕ್ಕೆ ಕಾರಣವಿದೆ: 1933ರ ಜನವರಿ 30ರಂದು ಚಾನ್ಸಲರ್ ಆದವನು ಎರಡೇ ತಿಂಗಳೊಳಗೆ ಸಂಸತ್ತಿನ ಕೈಯಿಂದಲೇ ಕಾನೂನು ಮಾಡುವ ಅಧಿಕಾರವನ್ನು ತನ್ನ ಸರ್ಕಾರಕ್ಕೆ ಬರೆಸಿಕೊಂಡು, ಮುಂದೆ ಲಕ್ಷಾಂತರ ಜನರ ಸಾಮೂಹಿಕ ಹತ್ಯೆ ನಡೆಸಿದವನ ಹೆಸರದು. ಲೈಟ್ ಆರಿಸಲು ಹೇಳಿದ ವಾರ್ಡನ್‌ಗೆ ಅದನ್ನಿಟ್ಟರೆ, ನಿಜವಾಗಿ ಬೇಕಾದ ದಿನ ಆ ಪದದಲ್ಲಿ ಏನೂ ಉಳಿದಿರುವುದಿಲ್ಲ.

ಹಂತ 5: ಪದದ ಬಳಗ ನೋಡಿ

ಒಂದೇ ಭಾವಕ್ಕೆ ಕನ್ನಡದಲ್ಲಿ ಮೂರು ಬಳಗಗಳಿವೆ, ಅವು ಬೇರೆ ಬೇರೆ ಕೋಣೆಗಳಲ್ಲಿ ಓಡಾಡುತ್ತವೆ.

ಸಂಸ್ಕೃತ ಬಳಗ (ನಿರಂಕುಶ, ಸರ್ವಾಧಿಕಾರಿ, ದೌರ್ಜನ್ಯ) ಸಂಪಾದಕೀಯ, ಪಠ್ಯಪುಸ್ತಕ, ನ್ಯಾಯಾಲಯಗಳದ್ದು. ‘ದೌರ್ಜನ್ಯ’ವನ್ನು ಬಳಸುವಾಗ ಅದಕ್ಕೆ ಕಾನೂನಿನ ತೂಕ ಬಂದಿರುವುದನ್ನು ಮರೆಯಬೇಡಿ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ ಹೆಸರಿನಲ್ಲೇ ಅದಿದೆ. ಬೈದದ್ದನ್ನೆಲ್ಲ ದೌರ್ಜನ್ಯ ಎಂದು ಬರೆದರೆ ಓದುಗ ಪ್ರಕರಣ ದಾಖಲಾಗಿದೆ ಎಂದುಕೊಳ್ಳಬಹುದು.

ಪಾರಸಿ-ಅರಬ್ಬಿ ಬಳಗ (ಹುಕುಂ, ಜುಲುಮೆ, ಜಬರ್ದಸ್ತು, ದರ್ಬಾರು, ದೌಲತ್ತು, ಕಾರುಬಾರು) ಕಚೇರಿಯಿಂದ ಇಳಿದು ಬೀದಿಗೆ ಬಂದದ್ದು. ಶತಮಾನಗಟ್ಟಲೆ ಆಡಳಿತದ ಭಾಷೆಯಾಗಿದ್ದರಿಂದ ಇವುಗಳಲ್ಲಿ ಅಧಿಕಾರದ ವಾಸನೆ ಇನ್ನೂ ಇದೆ. ‘ಜಬರ್ದಸ್ತು’ವನ್ನು ಬಿಡಿಸಿದರೆ ‘ಮೇಲಿನ ಕೈ’, ನಮ್ಮ ‘ಮೇಲುಗೈ’ಯ ಪಡಿಯಚ್ಚು. ‘ಬಗರ್ ಹುಕುಂ’ ಎಂದರೆ ಅಪ್ಪಣೆ ಇಲ್ಲದೆ; ಸರ್ಕಾರಿ ಜಮೀನಿನ ಸಾಗುವಳಿಗೆ ಅಂಟಿಕೊಂಡ ಮಾತು. ಇನ್ನು ‘ಅಮಲು’: ಆಡಳಿತವೂ ಅದೇ, ನಶೆಯೂ ಅದೇ. ಹಳೆ ಮೈಸೂರಿನ ತಾಲ್ಲೂಕಿನ ಅಧಿಕಾರಿ ಅಮಲ್ದಾರ. ‘ಅಧಿಕಾರದ ಅಮಲು’ ಎಂಬ ನುಡಿಗಟ್ಟನ್ನು ಯಾರು ಮೊದಲು ಆಡಿದರೋ, ಅವರಿಗೆ ಎರಡೂ ಅರ್ಥ ಗೊತ್ತಿದ್ದಿರಬೇಕು.

ಅಚ್ಚಗನ್ನಡದ ಬಳಗ (ಒಡೆಯ, ಬಿಗಿ, ಕಟ್ಟುನಿಟ್ಟು, ಹಿಡಿತ, ತುಳಿ, ಹತ್ತಿಕ್ಕು) ಎಲ್ಲ ಕಡೆಗೂ ಸಲ್ಲುತ್ತದೆ. ಅನುಮಾನ ಬಂದಾಗ ಇಲ್ಲಿಗೆ ಬನ್ನಿ.

ಬಳಗಗಳನ್ನು ಬೆರೆಸಬಾರದು ಎಂದೇನಿಲ್ಲ, ಬೆರೆಸುವುದು ಗೊತ್ತಿದ್ದು ಆಗಬೇಕು. ‘ಸರ್ವಾಧಿಕಾರಿಯ ಕಾರುಬಾರು’ ಎಂದರೆ ಮೊದಲ ಪದ ಏರಿಸಿದ್ದನ್ನು ಎರಡನೆಯದು ಇಳಿಸುತ್ತದೆ. ವ್ಯಂಗ್ಯಕ್ಕೆ ಚೆನ್ನ, ಗಂಭೀರ ವರದಿಗೆ ಕೆಡುಕು.

ಹಂತ 6: ಹೆಣ್ಣಿನ ವಿಷಯದಲ್ಲಿ ಪದಗಳು ಓರೆ

ಒಡೆಯ–ಒಡತಿ, ಅರಸ–ಅರಸಿ, ದೊರೆ–ದೊರೆಸಾನಿ, ಯಜಮಾನ–ಯಜಮಾನಿ. ಜೋಡಿಗಳು ಸಮವಾಗಿ ಕಾಣುತ್ತವೆ, ಅರ್ಥ ಸಮವಲ್ಲ. ‘ಒಡೆಯ’ ಜನರ ಮೇಲೆ ಅಧಿಕಾರ ನಡೆಸುತ್ತಾನೆ, ‘ಮನೆಯೊಡತಿ’ ಮನೆ ನೋಡಿಕೊಳ್ಳುತ್ತಾಳೆ. ಹೆಣ್ಣು ಬಿಗಿಯಾಗಿ ನಡೆಸಿದಳು ಎಂದಾಗ ನಾಲಿಗೆಗೆ ತಟ್ಟನೆ ಬರುವುದು ಬಜಾರಿ, ಗಯ್ಯಾಳಿ, ಘಟವಾಣಿ, ಗಂಡುಬೀರಿ. ಈ ನಾಲ್ಕರಲ್ಲಿ ಒಂದೂ ಅಧಿಕಾರದ ಪದವಲ್ಲ. ಮೊದಲ ಮೂರು ಬಾಯಿಯ ಜೋರನ್ನು ಹಳಿಯುತ್ತವೆ, ನಾಲ್ಕನೆಯದು ಹೆಣ್ಣಿನಂತೆ ಇಲ್ಲ ಎಂದು ಹಳಿಯುತ್ತದೆ. ಅವಳು ಮಾಡಿದ್ದೇನು ಎಂಬುದು ಎಲ್ಲೂ ಇಲ್ಲ.

ಪರೀಕ್ಷೆ ಸುಲಭ: ಅದೇ ಕೆಲಸವನ್ನು ಗಂಡಸು ಮಾಡಿದ್ದರೆ ಏನೆನ್ನುತ್ತಿದ್ದಿರೋ ಅದನ್ನೇ ಬರೆಯಿರಿ. ‘ಅಧಿಕಾರಿ’, ‘ಸರ್ವಾಧಿಕಾರಿ’ಗಳಿಗೆ ಸ್ತ್ರೀರೂಪ ಬೇಕಿಲ್ಲ, ಕ್ರಿಯಾಪದವೇ ಲಿಂಗವನ್ನು ಹೇಳುತ್ತದೆ. ಕಥೆಯ ಪಾತ್ರವೊಂದು ‘ಗಯ್ಯಾಳಿ’ ಎಂದು ಬೈಯಲಿ, ಅದು ಪಾತ್ರದ ಮಾತು; ನಿರೂಪಕ ಬೈದರೆ ಅದು ನಿಮ್ಮ ಮಾತು.

ಹಂತ 7: ಅನುವಾದಿಸುವವರು ಇಲ್ಲಿ ನಿಧಾನಿಸಿ

‘ಡಿಕ್ಟೇಟರ್’ ಎಂದ ಕೂಡಲೇ ‘ಸರ್ವಾಧಿಕಾರಿ’ ಎಂದು ಬರೆಯುವುದು ಇಪ್ಪತ್ತನೇ ಶತಮಾನದ ಮಟ್ಟಿಗೆ ಸರಿ. ಪ್ರಾಚೀನ ರೋಮಿಗೆ ಬಂದರೆ ಕಾಲು ಜಾರುತ್ತದೆ. ಅಲ್ಲಿ ಅದು ಕಾನೂನುಬದ್ಧ ಹುದ್ದೆ, ಸಂಕಟದ ಕಾಲಕ್ಕೆ ಹೆಚ್ಚೆಂದರೆ 6 ತಿಂಗಳು. ಕ್ರಿ.ಪೂ. 458ರಲ್ಲಿ ಸಿನ್ಸಿನಾಟಸ್ ಶತ್ರುವನ್ನು ಸೋಲಿಸಿದ ಕೆಲವೇ ದಿನಗಳಲ್ಲಿ ಹುದ್ದೆ ಬಿಟ್ಟು ಹೊಲಕ್ಕೆ ಮರಳಿದ ಎಂದು ಪರಂಪರೆ ಹೇಳುತ್ತದೆ. ಕ್ರಿ.ಪೂ. 82ರಲ್ಲಿ ಸುಲ್ಲಾ ಅವಧಿಯ ಮಿತಿಯನ್ನು ತೆಗೆಸಿದ, ಕ್ರಿ.ಪೂ. 44ರಲ್ಲಿ ಸೀಸರ್ ಅದನ್ನು ಆಜೀವ ಮಾಡಿಕೊಂಡ. ಸೀಸರನಿಗೆ ‘ಸರ್ವಾಧಿಕಾರಿ’ ಒಪ್ಪುತ್ತದೆ. ಸಿನ್ಸಿನಾಟಸ್‌ಗೆ ‘ಸಂಕಟಕಾಲದ ಅಧಿಪತಿ’ ಎಂದು ಬಿಡಿಸಿ ಹೇಳುವುದೇ ಮೇಲು.

ವಿಚಿತ್ರವೆಂದರೆ ಕನ್ನಡದ ಪದದ ಕಥೆಯೂ ಹೀಗೇ ಇದೆ. 18ನೇ ಶತಮಾನದ ಮೈಸೂರಿನಲ್ಲಿ ‘ಸರ್ವಾಧಿಕಾರಿ’ ಒಂದು ಹುದ್ದೆ. ದಳವಾಯಿ ದೇವರಾಜಯ್ಯನ ತಮ್ಮ ನಂಜರಾಜಯ್ಯ ಸರ್ವಾಧಿಕಾರಿಯಾಗಿದ್ದ. ಆ ಕಾಲದ ದಾಖಲೆಯಲ್ಲಿ ಈ ಪದ ಕಂಡರೆ ‘ನಿರಂಕುಶ’ ಎಂದು ಓದಿಕೊಳ್ಳಬೇಡಿ, ಹುದ್ದೆಯೆಂದೇ ತಿಳಿಯಿರಿ. (ರಾಜನನ್ನು ಹೆಸರಿಗಷ್ಟೇ ಕೂರಿಸಿ ಅಣ್ಣತಮ್ಮಂದಿರು ಆಳಿದರು ಎಂಬುದು ಬೇರೆ ಮಾತು, ಪದ ಮುಂದೆ ಪಡೆದ ಅರ್ಥಕ್ಕೆ ಅದು ಮುನ್ಸೂಚನೆಯಂತಿದೆ.)

ಗ್ರೀಕರ ‘ಟೈರಂಟ್’ ಇನ್ನೊಂದು ಗುಂಡಿ. ಮೊದಲಿಗೆ ಅದರ ಅರ್ಥ ಪರಂಪರಾಗತ ಹಕ್ಕಿಲ್ಲದೆ ಅಧಿಕಾರ ಹಿಡಿದವನು ಎಂದಷ್ಟೇ. ಕ್ರಿ.ಪೂ. ಆರನೇ ಶತಮಾನದ ಅಥೆನ್ಸಿನ ಪೈಸಿಸ್ಟ್ರಾಟಸ್ ಹಾಗೆ ಬಂದವನು, ಆದರೆ ಸೌಮ್ಯ ಆಡಳಿತಗಾರನೆಂದೇ ಹೆಸರಾದವನು. ಅವನನ್ನು ‘ಪ್ರಜಾಪೀಡಕ’ ಎಂದು ಅನುವಾದಿಸಿದರೆ ಚರಿತ್ರೆಯೇ ತಲೆಕೆಳಗು. ‘ಅಧಿಕಾರ ಕಸಿದವನು’ ಎನ್ನಿ. ‘ಡೆಸ್ಪಾಟ್’ ಮೂಲದಲ್ಲಿ ಮನೆಯ ಒಡೆಯ, ದಾಸರ ಯಜಮಾನ. ಮುಂದೆ ಬೈಜಾಂಟಿಯಮ್ಮಿನಲ್ಲಿ ಅದು ಗೌರವದ ಬಿರುದಾಯಿತು. ‘ಡ್ರಕೋನಿಯನ್’ ವ್ಯಕ್ತಿಗೆ ಹೇಳುವುದಲ್ಲ, ಕಾನೂನಿಗೆ; ‘ಕರಾಳ ಶಾಸನ’ ಎಂಬ ರೂಢಿಯ ಮಾತು ಸಾಕು. ‘ಮಾರ್ಟಿನೆಟ್’ ಎಂಬುದು ಹದಿನಾಲ್ಕನೇ ಲೂಯಿಯ ಸೈನ್ಯಕ್ಕೆ ಕವಾಯತು ಕಲಿಸಿದ ಅಧಿಕಾರಿಯೊಬ್ಬನ ಹೆಸರಿನಿಂದ ಬಂದದ್ದು. ಚಿಕ್ಕಪುಟ್ಟ ನಿಯಮಕ್ಕೂ ಜೀವ ಹಿಂಡುವವನು ಎಂದು ಬಿಡಿಸಿ ಬರೆಯಬೇಕು, ಒಂದೇ ಪದಕ್ಕೆ ಹಠ ಹಿಡಿಯಬಾರದು.

ಹಂತ 8: ಸಂಭಾಷಣೆಯಲ್ಲಿ ಪದವೇ ಬೇಡ

ಕಥೆ, ನಾಟಕ ಬರೆಯುವವರಿಗೆ ಕನ್ನಡ ಒಂದು ಉಪಕಾರ ಮಾಡಿದೆ. ಯಾರು ಯಾರನ್ನು ಆಳುತ್ತಾರೆ ಎಂಬುದು ಸಂಬೋಧನೆಯಲ್ಲೇ ಗೊತ್ತಾಗುತ್ತದೆ. ‘ಏಯ್, ಬಾ ಇಲ್ಲಿ’, ‘ಬಾರೋ’, ‘ಬಾಪ್ಪ’, ‘ಬನ್ನಿ’, ‘ದಯಮಾಡಿಸಬೇಕು’: ಐದು ಮೆಟ್ಟಿಲು, ಐದು ಸಂಬಂಧ. ವಯಸ್ಸಿನಲ್ಲಿ ಹಿರಿಯನಾದ ಆಳಿಗೆ ಚಿಕ್ಕ ಧಣಿ ‘ಬಾರೋ’ ಎಂದರೆ, ಅವನು ‘ಬಂದೆ ಬುದ್ಧೀ’ ಎಂದರೆ, ಮುಂದೆ ‘ದರ್ಪದಿಂದ ಕರೆದ’ ಎಂದು ಬರೆಯುವ ಅಗತ್ಯವೇ ಇಲ್ಲ. ಬರೆದರೆ ಸಂಭಾಷಣೆಯ ಕೆಲಸ ಕೆಡುತ್ತದೆ.

ಕಚೇರಿಯ ದರ್ಪಕ್ಕೆ ಅದರದೇ ವ್ಯಾಕರಣವಿದೆ: ‘ಹಾಜರಾಗತಕ್ಕದ್ದು’, ‘ಪ್ರವೇಶಿಸಕೂಡದು’, ‘ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು’. ಇಲ್ಲಿ ಹೇಳುವವನೇ ಕಾಣೆ, ಕೇಳುವವನೂ ಕಾಣೆ, ಅಪ್ಪಣೆ ಮಾತ್ರ ಉಳಿದಿದೆ. ಮನೆಯಲ್ಲೂ ಹೀಗೆ ಮಾತಾಡುವ ಒಂದು ಪಾತ್ರ ಇದ್ದರೆ ಅವನ ಸ್ವಭಾವಕ್ಕೆ ಬೇರೆ ವರ್ಣನೆ ಬೇಡ.

ಗೌಡ, ದೇಸಾಯಿ, ಹೆಗ್ಗಡೆಯಂಥ ಹಳೆಯ ಅಧಿಕಾರದ ಹೆಸರುಗಳು ಈಗ ಜನರ ಮನೆತನದ ಹೆಸರುಗಳು. ಅವುಗಳನ್ನು ದಬ್ಬಾಳಿಕೆಯ ಪರ್ಯಾಯವಾಗಿ ಬಳಸಬೇಡಿ. ಕಾಲ, ಊರು ಖಚಿತವಿರುವ ಕಥೆಯಲ್ಲಿ ಹುದ್ದೆಯಾಗಿ ಬಂದರೆ ಸರಿ.

ಹಂತ 9: ಅದೇ ವ್ಯಕ್ತಿ, ಬೇರೆ ಸಂಗತಿ: ಪದ ಹೇಗೆ ಬದಲಾಗುತ್ತದೆ

ಒಬ್ಬ ಮುಖ್ಯೋಪಾಧ್ಯಾಯರನ್ನು ತೆಗೆದುಕೊಳ್ಳಿ. ಶಾಲೆಯ ಗೇಟು ಒಂಬತ್ತಕ್ಕೆ ಮುಚ್ಚುತ್ತದೆ. ತಾವು ತಡವಾದ ದಿನ ತಾವೂ ಹೊರಗೆ ನಿಲ್ಲುತ್ತಾರೆ. ಇವರು ಕಟ್ಟುನಿಟ್ಟಿನವರು, ಅಷ್ಟೇ.

ಶಿಕ್ಷಕರಿಗೆ ಒಂಬತ್ತು, ತಮಗೆ ಹತ್ತೂವರೆ. ಕೇಳಿದರೆ ಗದರುತ್ತಾರೆ. ಈಗ ದರ್ಪ ಎನ್ನಬಹುದು.

ಕೇಳಿದ ಶಿಕ್ಷಕನಿಗೆ ಮಾತ್ರ ತಿಂಗಳುಗಟ್ಟಲೆ ಹೆಚ್ಚುವರಿ ತರಗತಿ, ರಜೆ ಇಲ್ಲ. ಇದು ದಬ್ಬಾಳಿಕೆ, ಗುರಿ ಒಬ್ಬನೇ ಆದ್ದರಿಂದ ‘ಕಿರುಕುಳ’ ಇನ್ನೂ ನಿಖರ.

ಶಿಕ್ಷಕರ ಸಭೆಯನ್ನೇ ನಿಲ್ಲಿಸಿದ್ದಾರೆ, ಆಡಳಿತ ಮಂಡಳಿಗೆ ಲೆಕ್ಕ ತೋರಿಸುವುದಿಲ್ಲ, ಎಲ್ಲ ತೀರ್ಮಾನ ಒಬ್ಬರದೇ. ‘ಸರ್ವಾಧಿಕಾರಿ ಧೋರಣೆ’ ಎಂಬ ಮಾತಿಗೆ ಈಗ ಆಧಾರ ಸಿಕ್ಕಿತು. ಆದರೂ ‘ಧೋರಣೆ’ಯನ್ನು ಬಿಡಬೇಡಿ, ಅವರ ಮೇಲೆ ಇಲಾಖೆ ಇನ್ನೂ ಇದೆ.

ಮಗುವಿಗೆ ಹೊಡೆದರೆ ಮೇಲಿನ ಯಾವ ಪದವೂ ಬೇಡ. ‘ಹೊಡೆದರು’ ಎಂದು ಬರೆಯಿರಿ. ಹೊಡೆತವನ್ನು ‘ಶಿಸ್ತುಪ್ರಿಯತೆ’ಯ ಕೆಳಗೆ ಬಚ್ಚಿಡುವ ವರದಿಗಳು ಬೇಕಾದಷ್ಟಿವೆ. ಶಿಕ್ಷಣ, ಶಿಕ್ಷಕ, ಶಿಕ್ಷೆ ಮೂರೂ ಒಂದೇ ಬೇರಿನವು ಎಂಬುದು ಅದಕ್ಕೆ ನೆಪವಾಗಬಾರದು.

ಹಂತ 10: ಕಾಗುಣಿತ ಮತ್ತು ಸಮಾಸ

ಸಿಟ್ಟಿನಲ್ಲಿ ಬರೆಯುವಾಗ ಮಹಾಪ್ರಾಣ ಎಲ್ಲೆಲ್ಲೋ ಬೀಳುತ್ತದೆ. ‘ಧರ್ಪ’, ‘ಧಬ್ಬಾಳಿಕೆ’, ‘ಧೌರ್ಜನ್ಯ’ ಮೂರೂ ತಪ್ಪು. ದರ್ಪ, ದಬ್ಬಾಳಿಕೆ, ದೌರ್ಜನ್ಯ ಸರಿ. ‘ಧೋರಣೆ’, ‘ಧಣಿ’ಗಳಲ್ಲಿ ಮಾತ್ರ ಮಹಾಪ್ರಾಣ ಇರಲೇಬೇಕು. ‘ದಣಿ’ ಎಂದರೆ ಆಯಾಸಪಡು. ಧಣಿಯ ಹೊಲದಲ್ಲಿ ದಣಿದವರು ಯಾರೆಂದು ಒಂದು ಗೆರೆ ನಿರ್ಧರಿಸುತ್ತದೆ. ‘ನಿರಂಕುಷ’ ಎಂದು ಬರೆಯುವವರೂ ಇದ್ದಾರೆ, ಅಂಕುಶದಲ್ಲಿರುವುದು ‘ಶ’.

ಬಿಡಿಸಿ ಬರೆಯುವುದೂ ಕೂಡಿಸಿ ಬರೆಯುವುದೂ ಒಂದೇ ಅಲ್ಲ. ‘ನಿರಂಕುಶಾಧಿಕಾರಿ’ ದೇಶ ಆಳುವವನು. ‘ನಿರಂಕುಶ ಅಧಿಕಾರಿ’ ಎಂದರೆ ಹೇಳುವವರು ಕೇಳುವವರಿಲ್ಲದ ಒಬ್ಬ ನೌಕರ. ‘ಸರ್ವಾಧಿಕಾರ’ ಆಕ್ಷೇಪ; ‘ಸರ್ವ ಅಧಿಕಾರವನ್ನೂ ಸಮಿತಿಗೆ ಕೊಡಲಾಗಿದೆ’ ಎಂಬುದು ಬರೀ ಮಾಹಿತಿ. ‘ಸರ್ವಾಧಿಕಾರಿ ಧೋರಣೆ’ ಯಾರಿಗಾದರೂ ಇರಬಹುದು. ‘ಸರ್ವಾಧಿಕಾರಿಯ ಧೋರಣೆ’ ಎಂದರೆ ಒಬ್ಬ ನಿಜವಾದ ಸರ್ವಾಧಿಕಾರಿ ಇದ್ದಾನೆ, ಅವನ ಧೋರಣೆ ಎಂದು. ಒಂದು ‘ಯ’ ಸೇರಿದರೆ ಮ್ಯಾನೇಜರ್ ಸಿಂಹಾಸನ ಏರಿಬಿಡುತ್ತಾನೆ.

ಇಷ್ಟಾದ ಮೇಲೆ ನಿಘಂಟು ತೆರೆಯಿರಿ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ಕೋಶದಲ್ಲಿ ಒಮ್ಮೆ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಒಮ್ಮೆ ಅದೇ ಪದವನ್ನು ನೋಡಿ. ಎರಡರ ಅರ್ಥ ಹೊಂದದಿದ್ದರೆ ಪದ ದಾರಿಯಲ್ಲಿ ಎಲ್ಲೋ ಹೊರಳಿದೆ ಎಂದರ್ಥ. ನಿಮ್ಮ ಬರಹ ಯಾವ ಕಾಲದ್ದೋ ಆ ಕಾಲದ ಅರ್ಥವನ್ನು ಹಿಡಿಯಿರಿ. ಹಂತ 1ರಲ್ಲಿ ಬರೆದಿಟ್ಟ ಚಿಕ್ಕ ವಾಕ್ಯವನ್ನು ಪಕ್ಕದಲ್ಲಿಟ್ಟುಕೊಂಡು, ಆರಿಸಿದ ಪದ ಅದಕ್ಕಿಂತ ಹೆಚ್ಚಿನ ಆರೋಪ ಹೊರಿಸುತ್ತಿದೆಯೇ ಎಂದು ಕೊನೆಯದಾಗಿ ನೋಡಿ. ಹೊರಿಸುತ್ತಿದ್ದರೆ ಪದವನ್ನು ತೆಗೆದು ಆ ವಾಕ್ಯವನ್ನೇ ಅಚ್ಚಿಗೆ ಕಳಿಸಿ.